ಗೋಡಂಬಿಯಷ್ಟು ಮೂಳೆಗೆ ಒಂದು ಕಸಿ

ಟೈಲ್ಸ್ ಹಾಕುವವರು ಕುಳಿತಲ್ಲಿಂದ ಏಳುವುದನ್ನು ಗಮನಿಸಿ. ಅಂಗೈಯನ್ನು ನೆಲಕ್ಕೆ ಊರಿ, ಮೈಭಾರವನ್ನೆಲ್ಲ ಮಣಿಕಟ್ಟಿನ ಮೇಲೆ ಹಾಕಿ ಏಳುತ್ತಾರೆ. ದಿನಕ್ಕೆ ಎಷ್ಟು ಸಲವೋ ಲೆಕ್ಕವಿಲ್ಲ. ನಮ್ಮಲ್ಲಿಗೆ ಬಂದ ಹುಡುಗನಿಗೆ ಅದೊಂದೇ ಆಗುತ್ತಿರಲಿಲ್ಲ. ಸಿಮೆಂಟ್ ಕಲಸುತ್ತಿದ್ದ, ಟೈಲ್ಸ್ ಕತ್ತರಿಸುತ್ತಿದ್ದ, ಮಟ್ಟ ಹಿಡಿಯುತ್ತಿದ್ದ. ಬಲಗೈ ಊರಿ ಏಳಲು ಹೋದರೆ ಮಾತ್ರ ಹೆಬ್ಬೆರಳಿನ ಬುಡದಲ್ಲಿ ಚಳಕ್ಕೆಂದು ನೋವು.

ವರ್ಷದ ಹಿಂದೆ ಬೈಕಿನಿಂದ ಬಿದ್ದಿದ್ದ. ಬೀಳುವಾಗ ಎಲ್ಲರೂ ಮಾಡುವ ಹಾಗೆ ಕೈ ಮುಂದೆ ಚಾಚಿದ್ದ. ಅವತ್ತೇ ತೆಗೆಸಿದ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ, ಉಳುಕು ಅಂದರು. ಎಣ್ಣೆ ಹಚ್ಚಿ ನೀವಿಸಿಕೊಂಡ, ಪಟ್ಟಿ ಸುತ್ತಿಕೊಂಡ, ಎರಡು ವಾರಕ್ಕೆ ಊತ ಇಳಿಯಿತು, ಕೆಲಸಕ್ಕೆ ಹೋದ. ಒಳಗೆ ಮೂಳೆ ಎರಡು ತುಂಡಾಗಿ ಹಾಗೇ ಉಳಿದಿತ್ತು.

ನಾನು ಅರಿವಳಿಕೆ ಕೊಡುವ ವೈದ್ಯ. ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ನನ್ನ ಜಾಗ ರೋಗಿಯ ತಲೆಯ ಹತ್ತಿರ. ಉಸಿರು, ನಾಡಿ, ರಕ್ತದೊತ್ತಡ ನೋಡಿಕೊಳ್ಳುತ್ತ, ಹಸಿರು ಬಟ್ಟೆಯ ಆಚೆ ನಡೆಯುವ ಬೇರೆಯವರ ಕೈಕೆಲಸವನ್ನು ವರ್ಷಗಟ್ಟಲೆ ನೋಡಿದ್ದೇನೆ. ದೊಡ್ಡ ದೊಡ್ಡ ಶಸ್ತ್ರಕ್ರಿಯೆಗಳನ್ನು ನೋಡಿದ್ದರೂ ಸ್ಕಾಫಾಯ್ಡ್ ಎಂಬ ಈ ಪುಟ್ಟ ಮೂಳೆಗೆ ಕಸಿ ಮಾಡುವ ದಿನ ನಾನು ಸ್ಟೂಲನ್ನು ಒಂದಿಷ್ಟು ಮುಂದಕ್ಕೆ ಎಳೆದುಕೊಳ್ಳುತ್ತೇನೆ.

ಹೆಬ್ಬೆರಳನ್ನು ಹಿಂದಕ್ಕೆ ಚಾಚಿ ಹಿಡಿದರೆ ಅದರ ಬುಡದಲ್ಲಿ, ಎರಡು ನರದಂತಹ ಎಳೆಗಳ ನಡುವೆ, ಒಂದು ಗುಳಿ ಬೀಳುತ್ತದೆ. ನಮ್ಮಜ್ಜ ನಶ್ಯವನ್ನು ಚಿಟಿಕೆಯಲ್ಲಿ ಹಿಡಿದೇ ಏರಿಸುತ್ತಿದ್ದರು. ಯುರೋಪಿನವರು ಈ ಗುಳಿಗೆ ಸುರಿದುಕೊಂಡು ಸೇದುತ್ತಿದ್ದರು. ಹಾಗಾಗಿ ಅಂಗರಚನೆಯ ಪುಸ್ತಕಗಳಲ್ಲಿ ಇದರ ಹೆಸರೇ ನಶ್ಯದ ಡಬ್ಬಿ. ಆ ಡಬ್ಬಿಯ ತಳವೇ ಸ್ಕಾಫಾಯ್ಡ್. ಬಿದ್ದ ಮೇಲೆ ಅಲ್ಲಿ ಒತ್ತಿದಾಗ ನೋವಾದರೆ, ಎಕ್ಸ್‌ರೇ ಏನೇ ಹೇಳಲಿ, ಮೂಳೆ ಮುರಿದಿದೆ ಎಂದೇ ಭಾವಿಸಿ ಪ್ಲಾಸ್ಟರ್ ಹಾಕಿ, ಹತ್ತು ಹದಿನಾಲ್ಕು ದಿನ ಬಿಟ್ಟು ಮತ್ತೊಮ್ಮೆ ಎಕ್ಸ್‌ರೇ ತೆಗೆಯಬೇಕು ಎಂದು ನಮಗೆಲ್ಲ ಕಲಿಸುತ್ತಾರೆ. ಎಂಆರ್‌ಐ ಸಿಗುವ ಕಡೆ ಅಷ್ಟು ಕಾಯುವುದೂ ಬೇಡ. ಈ ಹುಡುಗನ ಪಾಲಿಗೆ ಎರಡೂ ಆಗಲಿಲ್ಲ.

ಮಣಿಕಟ್ಟಿನಲ್ಲಿ ಎಂಟು ಮೂಳೆಗಳಿವೆ, ನಾಲ್ಕು ನಾಲ್ಕರಂತೆ ಎರಡು ಸಾಲು. ಸ್ಕಾಫಾಯ್ಡ್ ಎರಡೂ ಸಾಲುಗಳಿಗೆ ಕೊಂಡಿಯಂತೆ ಓರೆಯಾಗಿ ಕುಳಿತಿದೆ. ಗ್ರೀಕ್ ಭಾಷೆಯ ದೋಣಿ ಎಂಬ ಪದದಿಂದ ಅದಕ್ಕೆ ಆ ಹೆಸರು ಬಂತು. ನನ್ನ ಕಣ್ಣಿಗೆ ಅದು ಗೋಡಂಬಿ. ಗಾತ್ರವೂ ಅಷ್ಟೇ, ಬಾಗೂ ಅಷ್ಟೇ. ಇಷ್ಟು ಚಿಕ್ಕ ಮೂಳೆ ಕೂಡಿಕೊಳ್ಳಲು ಇಷ್ಟು ಸತಾಯಿಸುವುದೇಕೆ? ತೊಡೆಯ ಮೂಳೆ ಮುರಿದರೆ ಕೂಡುತ್ತದೆ, ಪಕ್ಕೆಲುಬು ಮುರಿದರೆ ತಾನಾಗಿಯೇ ಕೂಡುತ್ತದೆ. ಸ್ಕಾಫಾಯ್ಡ್ ಮಾತ್ರ ಸರಿಯಾಗಿ ಪ್ಲಾಸ್ಟರ್ ಹಾಕಿದರೂ ಸುಮಾರು ಹತ್ತರಲ್ಲಿ ಒಂದು ಕೂಡದೆ ಉಳಿಯುತ್ತದೆ. ತುಂಡುಗಳು ಜಾಗ ಬಿಟ್ಟು ಸರಿದಿದ್ದರೆ ಇನ್ನೂ ಹೆಚ್ಚು.

ಕಾರಣ ರಕ್ತ ಬರುವ ದಾರಿಯಲ್ಲಿದೆ. ಈ ಮೂಳೆಯ ಮೈಯ ಶೇ 80ರಷ್ಟು ಭಾಗಕ್ಕೆ ಮೃದ್ವಸ್ಥಿಯ ಹೊದಿಕೆ ಇದೆ. ಸುತ್ತ ಐದು ಮೂಳೆಗಳ ಜೊತೆ ಉಜ್ಜಾಡುವ ಮೂಳೆ ಅದು, ನುಣುಪು ಬೇಕೇ ಬೇಕು. ಆದರೆ ಆ ನುಣುಪಿನ ಮೂಲಕ ರಕ್ತನಾಳ ಒಳಗೆ ಹೋಗಲಾರದು. ಉಳಿದಿರುವುದು ಕೈಯ ಬೆನ್ನಿನ ಕಡೆಗಿರುವ ಒಂದು ಕಿರಿದಾದ ಏಣು. 1980ರಲ್ಲಿ ಗೆಲ್ಬರ್‌ಮನ್ ಮತ್ತು ಮೆನನ್ ಎಂಬ ಇಬ್ಬರು ಶವಗಳ ಕೈಯ ರಕ್ತನಾಳಗಳಿಗೆ ದ್ರವ ತುಂಬಿ ನೋಡಿ, ಈ ಮೂಳೆಯೊಳಗಿನ ರಕ್ತದ ಶೇ 70ರಿಂದ 80 ಭಾಗ ಆ ಏಣಿನ ಕಡೆಯಿಂದಲೇ ಹೋಗುತ್ತದೆ ಎಂದು ತೋರಿಸಿದರು. ಅದರಲ್ಲೂ ಅದು ಬೆರಳಿನ ಕಡೆಯ ತುದಿಯ ಹತ್ತಿರ ಒಳಹೊಕ್ಕು, ತಿರುಗಿ ಮೊಣಕೈ ಕಡೆಗೆ ಹರಿಯುತ್ತದೆ. ಮೊಣಕೈ ಕಡೆಯ ತುದಿಗೆ ಸ್ವಂತದ ನಾಳ ಎಂಬುದು ಹೆಚ್ಚುಕಡಿಮೆ ಇಲ್ಲ.

ತುಂಗಭದ್ರಾ ಎಡದಂಡೆ ನಾಲೆಯ ಕೊನೆ ಭಾಗದ ರೈತರ ಪಾಡು ರಾಯಚೂರು ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ನೀರು ಮೇಲಿನಿಂದ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಮಧ್ಯದಲ್ಲಿ ನಾಲೆ ಒಡೆದರೆ ಮೇಲಿನ ಹೊಲ ಹಸಿರಾಗಿಯೇ ಇರುತ್ತದೆ, ಕೆಳಗಿನದು ಒಣಗುತ್ತದೆ. ಸ್ಕಾಫಾಯ್ಡ್ ನಡುವಿನಲ್ಲಿ ಮುರಿದಾಗ ಆಗುವುದೂ ಅದೇ. ಬೆರಳಿನ ಕಡೆಯ ತುಂಡಿಗೆ ರಕ್ತ ಇರುತ್ತದೆ, ಮೊಣಕೈ ಕಡೆಯ ತುಂಡು ಕೊನೆ ಭಾಗದ ಹೊಲವಾಗುತ್ತದೆ. ಸಾಲದ್ದಕ್ಕೆ ಕೀಲಿನೊಳಗಿನ ದ್ರವ ಬಿರುಕಿನೊಳಗೆ ನುಗ್ಗಿ, ಕೂಡಿಕೆಗೆ ಮೊದಲ ಮೆಟ್ಟಿಲಾಗಬೇಕಾದ ಹೆಪ್ಪುರಕ್ತವನ್ನು ತೊಳೆದುಬಿಡುತ್ತದೆ.

ಕೂಡದ ಮೂಳೆ ಇದ್ದಲ್ಲೇ ಇದ್ದಿದ್ದರೆ ಹೇಗೋ ತಳ್ಳಬಹುದಿತ್ತು. ಅದು ಇರುವುದಿಲ್ಲ. ಕೈ ಆಡಿದ ಹಾಗೆಲ್ಲ ಎರಡು ತುಂಡುಗಳು ತಿಕ್ಕಾಡಿ ಅಂಗೈ ಕಡೆಯ ಅಂಚು ಸವೆಯುತ್ತದೆ. ಸವೆದ ಕಡೆಗೆ ಮೂಳೆ ಬಾಗಿ ಬೆನ್ನು ಗೂನಾಗುತ್ತದೆ. ಶಸ್ತ್ರವೈದ್ಯರು ಅದನ್ನು ಕರೆಯುವುದೂ ಗೂನು ಎಂದೇ. ಪಕ್ಕದ ಅರ್ಧಚಂದ್ರಾಕಾರದ ಮೂಳೆ ಲೂನೇಟ್ ಹಿಂದಕ್ಕೆ ವಾಲುತ್ತದೆ. ಒಂದು ಕಂಬ ಬಾಗಿದರೆ ಚಪ್ಪರವೆಲ್ಲ ಓರೆಯಾಗುವಂತೆ ಇಡೀ ಮಣಿಕಟ್ಟು ಕುಸಿಯತೊಡಗುತ್ತದೆ. ವರ್ಷಗಳು ಹೋದಂತೆ ಹೆಬ್ಬೆರಳಿನ ಕಡೆಯಿಂದ ಶುರುವಾಗಿ ಕೀಲು ಸವೆತ ಹಬ್ಬುತ್ತದೆ. ಇಪ್ಪತ್ತನಾಲ್ಕರ ಹುಡುಗನಿಗೆ ನಲವತ್ತಕ್ಕೆ ಮುದುಕನ ಮಣಿಕಟ್ಟು.

ಕಸಿ ಎಂಬ ಮಾತು ನಮಗೆ ತೋಟದಿಂದ ಬಂದದ್ದು. ಮಾವಿಗೆ ಕಸಿ ಕಟ್ಟುತ್ತೇವೆ, ಮಲೆನಾಡಿನಲ್ಲಿ ಹಿಪ್ಪಲಿ ಬುಡಕ್ಕೆ ಕಾಳುಮೆಣಸಿನ ಕುಡಿ ಕಟ್ಟುತ್ತಾರೆ. ಅಲ್ಲಿ ಕಟ್ಟಿದ ಕುಡಿ ಬದುಕುತ್ತದೆ, ಚಿಗುರುತ್ತದೆ, ಅದೇ ಮರವಾಗುತ್ತದೆ. ಮೂಳೆಯ ಕಸಿಯೂ ಹಾಗೇ ಇರಬೇಕು ಎಂದು ವೈದ್ಯಕೀಯ ಓದುವಾಗ ನಾನೂ ಅಂದುಕೊಂಡಿದ್ದೆ. ಇಲ್ಲಿ ನಡೆಯುವುದು ಬೇರೆ. ಕೂಡದ ಜಾಗಕ್ಕೆ ಸೊಂಟದಿಂದ ತಂದಿಟ್ಟ ಮೂಳೆಯ ತುಂಡಿನ ಹೆಚ್ಚಿನ ಜೀವಕೋಶಗಳು ಮೊದಲ ಕೆಲವು ದಿನಗಳಲ್ಲೇ ಸಾಯುತ್ತವೆ. ಮೇಲ್ಮೈಯ ಒಂದಿಷ್ಟು ಮಾತ್ರ ಸುತ್ತಲಿನ ತೇವದಲ್ಲಿ ಉಸಿರು ಹಿಡಿದುಕೊಂಡಿರುತ್ತವೆ. ಆಮೇಲೆ ಅಕ್ಕಪಕ್ಕದ ಜೀವಂತ ಮೂಳೆಯಿಂದ ಕೂದಲೆಳೆಗಿಂತ ಸಣ್ಣ ರಕ್ತನಾಳಗಳು ಆ ಸತ್ತ ಜಾಲರಿಯೊಳಕ್ಕೆ ತೆವಳುತ್ತವೆ. ಅವುಗಳ ಹಿಂದೆಯೇ ಎರಡು ಬಗೆಯ ಕೋಶಗಳು ಬರುತ್ತವೆ. ಒಂದು ಹಳೆಯ ಮೂಳೆಯನ್ನು ತಿನ್ನುತ್ತದೆ, ಇನ್ನೊಂದು ಅದೇ ಜಾಗದಲ್ಲಿ ಹೊಸದನ್ನು ಹಾಸುತ್ತದೆ. ಹಳೆ ಮನೆಯ ಒಂದೊಂದೇ ತೊಲೆ ತೆಗೆದು ಹೊಸದು ಕೂರಿಸುತ್ತ, ಮನೆ ಮಾತ್ರ ಒಂದು ದಿನವೂ ಬೀಳದಂತೆ ನೋಡಿಕೊಳ್ಳುವ ಬಡಗಿಯ ಕೆಲಸ ಇದು. ಕೊನೆಗೆ ಸೊಂಟದ ಮೂಳೆ ಎಂಬುದು ಅಲ್ಲಿ ಉಳಿದೇ ಇರುವುದಿಲ್ಲ. ಇರುವುದೆಲ್ಲ ಹೊಸ ಸ್ಕಾಫಾಯ್ಡ್.

ಆ ತುಂಡು ಬರಿಯ ಜಾಲರಿಯಾಗಿಯೂ ಕೂತಿರುವುದಿಲ್ಲ, ಮೂಳೆ ಕಟ್ಟುವ ಕೋಶಗಳನ್ನು ಕರೆಯುತ್ತದೆ. ಲಾಸ್ ಏಂಜಲೀಸ್‌ನ ಮಾರ್ಷಲ್ ಯೂರಿಸ್ಟ್ 1965ರಲ್ಲಿ ಸುಣ್ಣದ ಅಂಶ ತೆಗೆದ ಮೂಳೆಯ ಚೂರುಗಳನ್ನು ಪ್ರಾಣಿಗಳ ಮಾಂಸಖಂಡದೊಳಗೆ ಇಟ್ಟು ನೋಡಿದರು. ಮೂಳೆಯೇ ಇಲ್ಲದ ಜಾಗದಲ್ಲಿ ಹೊಸ ಮೂಳೆ ಹುಟ್ಟಿತು. ಆ ಚೂರುಗಳಲ್ಲಿ ಇರುವ ಪ್ರೋಟೀನು ಸುತ್ತಲಿನ ಸಾಧಾರಣ ಕೋಶಗಳನ್ನು ಮೂಳೆ ಕಟ್ಟುವ ಕೋಶಗಳಾಗಿ ಬದಲಿಸುತ್ತದೆ ಎಂಬುದು ಅಲ್ಲಿಂದ ಮುಂದಕ್ಕೆ ತಿಳಿಯುತ್ತ ಹೋಯಿತು.

ಯೂರಿಸ್ಟ್‌ಗಿಂತ ಎಷ್ಟೋ ಮೊದಲೇ, 1937ರಲ್ಲಿ, ಸ್ವಿಟ್ಜರ್ಲೆಂಡಿನ ಮಾಟಿ ಎಂಬ ಶಸ್ತ್ರವೈದ್ಯ ಕೂಡದ ಸ್ಕಾಫಾಯ್ಡನ್ನು ಬೆನ್ನಿನ ಕಡೆಯಿಂದ ತೋಡಿ, ಒಳಗೆ ಸ್ಪಂಜಿನಂಥ ಮೂಳೆಯನ್ನು ತುಂಬಿದ್ದರು. 1960ರಲ್ಲಿ ಆಸ್ಟ್ರಿಯಾದ ಓಟೋ ರುಸ್ಸೆ ಅಂಗೈ ಕಡೆಯಿಂದ ಹೋದರು. ರಕ್ತ ಬರುವುದು ಬೆನ್ನಿನ ಕಡೆಯಿಂದ, ಆ ಬಾಗಿಲಿಗೆ ಕತ್ತಿ ತಾಗಿಸದೆ ಹಿತ್ತಲಿನಿಂದ ಒಳಗೆ ಬಂದ ಅವರ ವಿವೇಕ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಗೂನಿನ ಚಿಂತೆ ಮಾಡಿದವರು 1970ರಲ್ಲಿ ಬ್ರಿಟನ್ನಿನ ಫಿಸ್ಕ್, ಆಮೇಲೆ 1984ರಲ್ಲಿ ಸ್ವಿಟ್ಜರ್ಲೆಂಡಿನ ಡಿಯೆಗೊ ಫರ್ನಾಂಡಿಸ್. ಹಳ್ಳ ತುಂಬಿದರೆ ಸಾಲದು, ಬಾಗಿದ್ದನ್ನು ನೆಟ್ಟಗೆ ಮಾಡಿ ಸವೆದ ಕಡೆಗೆ ಬೆಣೆ ಕೊಡಬೇಕು ಎಂದರು. ಬೆಣೆಯ ಅಳತೆಗೆ ಫರ್ನಾಂಡಿಸ್ ಹಿಡಿದ ದಾರಿ ಬಹಳ ಸರಳ: ರೋಗಿಯ ಇನ್ನೊಂದು ಕೈಯ ಎಕ್ಸ್‌ರೇ. ಮುರಿಯುವ ಮೊದಲು ಈ ಮೂಳೆ ಹೇಗಿತ್ತು ಎನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಎಲ್ಲಿ ಸಿಗಬೇಕು?

ನಮ್ಮ ಶಸ್ತ್ರವೈದ್ಯರೂ ಹಿಂದಿನ ದಿನವೇ ಆ ಹುಡುಗನ ಎಡಗೈಯ ಎಕ್ಸ್‌ರೇ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲಿನಿಂದ ಸ್ಕಾಫಾಯ್ಡಿನ ಗೆರೆ ತೆಗೆದಿದ್ದರು. ಅದನ್ನು ಮಗುಚಿ ಬಲಗೈಯ ಚಿತ್ರದ ಮೇಲೆ ಇಟ್ಟರೆ ಎಷ್ಟು ಕಮ್ಮಿ ಬಿದ್ದಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ಅಂಗೈ ಕಡೆ ಏಳು ಮಿಲಿಮೀಟರು, ಬೆನ್ನಿನ ಕಡೆ ಮೂರು.

ನನ್ನ ಕೆಲಸ ಬೇಗ ಮುಗಿಯುತ್ತದೆ. ಕತ್ತಿನ ಬುಡದಲ್ಲಿ ಅಲ್ಟ್ರಾಸೌಂಡ್ ಇಟ್ಟು, ತೋಳಿಗೆ ಹೋಗುವ ನರಗಳ ಗೊಂಚಲಿನ ಸುತ್ತ ಮದ್ದು ಹಾಕಿದರೆ ಕೈ ಮಲಗುತ್ತದೆ. ಸೊಂಟದಿಂದಲೂ ಮೂಳೆ ತೆಗೆಯುವುದಿರುವುದರಿಂದ ಹುಡುಗನನ್ನೂ ಪೂರ್ತಿ ಮಲಗಿಸಿದೆ. ತೋಳಿನ ರಕ್ತವನ್ನು ಬ್ಯಾಂಡೇಜು ಸುತ್ತಿ ಮೇಲಕ್ಕೆ ಹಿಂಡಿ, ರಕ್ತ ತಡೆಯುವ ಗಾಳಿಪಟ್ಟಿಯಾದ ಟೂರ್ನಿಕೆಯನ್ನು 250 ಮಿ.ಮೀ. ಪಾದರಸದ ಒತ್ತಡಕ್ಕೆ ಏರಿಸಿ, ಗಡಿಯಾರ ಒತ್ತಿದೆ. ಎರಡು ಗಂಟೆಯೊಳಗೆ ಅದನ್ನು ಇಳಿಸಬೇಕು.

ಅಂಗೈ ಮೇಲಾಗಿ ಮಲಗಿಸಿದ ಕೈಯಲ್ಲಿ, ಮಣಿಕಟ್ಟಿನಿಂದ ಹೆಬ್ಬೆರಳಿನ ಉಬ್ಬಿನ ಕಡೆಗೆ ತಿರುಗುವ ಒಂದು ಗೆರೆ ಕೊಯ್ದರು. ಕೈ ಮಡಚುವ ದಪ್ಪ ರಜ್ಜುವನ್ನು ಒಂದು ಪಕ್ಕಕ್ಕೆ, ನಾಡಿ ನೋಡುವ ರಕ್ತನಾಳವನ್ನು ಇನ್ನೊಂದು ಪಕ್ಕಕ್ಕೆ ಸರಿಸಿದರು. ಕೀಲಿನ ಚೀಲವನ್ನು ಬಿಡಿಸುವಾಗ ಅದರ ಅಂಚುಗಳಿಗೆ ದಾರ ಹಾಕಿ ಗುರುತಿಟ್ಟರು, ಕೊನೆಗೆ ಮತ್ತೆ ಹೊಲಿಯಬೇಕಲ್ಲ. ಒಳಗೆ ಎರಡು ತುಂಡುಗಳ ನಡುವೆ ಹಳದಿ ಬಿಳಿ ಬಣ್ಣದ ನಾರು. ಬಿಸಿಲಿಗೆ ಒಣಗಿದ ತೆಂಗಿನಕಾಯಿಯ ಸಿಪ್ಪೆಯಂತೆ ಅದು ಸಿಕ್ಕಿಕೊಂಡಿತ್ತು.

ಈಗ ಕೆರೆಯುವ ಕೆಲಸ. ಮೋಟರು ಬುರ್ ಹಿಡಿದರೆ ಐದು ನಿಮಿಷ. ಆದರೆ ಬುರ್ ತಿರುಗಿದರೆ ಬಿಸಿ ಏಳುತ್ತದೆ, 47 ಡಿಗ್ರಿ ಸೆಲ್ಸಿಯಸ್ ಬಿಸಿ ಒಂದು ನಿಮಿಷ ತಾಗಿದರೆ ಸಾಕು, ಮೂಳೆ ಕೆಡುತ್ತದೆ. ಬದುಕಿಸಬೇಕೆಂದು ಬಂದಿರುವ ಅಂಚನ್ನು ಸುಟ್ಟರೆ ಏನು ಬಂತು? ಅವರು ಸಣ್ಣ ಚಮಚದಂಥ ಕ್ಯೂರೆಟ್ ಹಿಡಿದರು. ಕೆರೆದು, ತೊಳೆದು, ಮತ್ತೆ ಕೆರೆದು. ಮೊದಲು ನಾರು ಬಂತು, ಆಮೇಲೆ ದಂತದ ಹಾಗೆ ಬಿಳಿಚಿದ ಗಟ್ಟಿ ಮೂಳೆ ಬಂತು. ಕೆರೆಯುವ ಸದ್ದು ಕೂಡ ಬದಲಾಗುತ್ತದೆ. ಸತ್ತ ಮೂಳೆಗೆ ಗಾಜು ಕೆರೆದ ಹಾಗೆ ಕಿರುಗುಟ್ಟುವ ಸದ್ದು, ಬದುಕಿರುವುದಕ್ಕೆ ಒದ್ದೆ ಸಕ್ಕರೆಯನ್ನು ಚಮಚದಲ್ಲಿ ಕೆದಕಿದ ಹಾಗೆ. ಆ ಸದ್ದು ಬದಲಾಗುವುದನ್ನು ನನ್ನ ಸ್ಟೂಲಿನಿಂದಲೇ ಕೇಳಬಹುದು.

‘ಟೂರ್ನಿಕೆ ಬಿಡಿ’ ಎಂದರು. ಗಾಳಿ ಇಳಿಸಿದೆ. ಬೆರಳುಗಳು ಒಂದೊಂದಾಗಿ ಕೆಂಪಗಾದವು. ಕೊಯ್ದ ಅಂಚುಗಳಿಂದ ರಕ್ತ ಜಿನುಗಿತು, ಅದನ್ನು ಒರೆಸಿ ಎಲ್ಲರೂ ಮೊಣಕೈ ಕಡೆಯ ತುಂಡಿನ ಮುಖವನ್ನೇ ನೋಡುತ್ತ ನಿಂತೆವು. ಕೊನೆ ಭಾಗದ ಹೊಲಕ್ಕೆ ನೀರು ಬಂತೇ? ಸುಮಾರು ಎರಡು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಆ ಬಿಳಿ ಜಾಲರಿಯ ಒಂದು ಮೂಲೆಯಲ್ಲಿ ಸೂಜಿಮೊನೆಯಷ್ಟು ಕೆಂಪು ಚುಕ್ಕಿ ಎದ್ದಿತು. ಒರೆಸಿದರು. ಮತ್ತೆ ಅಲ್ಲೇ ಎದ್ದಿತು. ಪಕ್ಕದಲ್ಲಿ ಇನ್ನೊಂದು. ಈ ಚುಕ್ಕಿಗಳ ಮೇಲೆಯೇ ಮುಂದಿನ ದಾರಿ ನಿಂತಿದೆ. ಮೂಳೆ ಬದುಕಿದೆ, ಸೊಂಟದ ಬೆಣೆ ಸಾಕು.

ಚುಕ್ಕಿ ಏಳದಿದ್ದರೆ? ಆಗ ಸತ್ತ ಬೆಣೆಯನ್ನು ಸತ್ತ ತುಂಡಿಗೆ ಆನಿಸಿದರೆ ರಕ್ತನಾಳ ಬರುವುದು ಒಂದೇ ಕಡೆಯಿಂದ. ಅದಕ್ಕಾಗಿ ರಕ್ತನಾಳದ ಸಮೇತ ಮೂಳೆಯನ್ನು ತರುವ ವಿಧಾನಗಳಿವೆ. ಅರ್ಜೆಂಟೀನಾದ ಕಾರ್ಲೋಸ್ ಝೈಡೆಂಬರ್ಗ್ 1991ರಲ್ಲಿ ತೋರಿಸಿದ್ದು, ಮುಂಗೈ ಮೂಳೆಯ ತುದಿಯಲ್ಲಿ ಬೆನ್ನಿನ ಕಡೆ ಹರಿಯುವ ಒಂದು ಸಣ್ಣ ನಾಳವನ್ನು. ಅದರ ಕೆಳಗಿನ ಮೂಳೆಯ ಚೂರನ್ನು ನಾಳ ಕಡಿಯದೆಯೇ ಎತ್ತಿ, ತಿರುಗಿಸಿ, ಸ್ಕಾಫಾಯ್ಡಿನೊಳಗೆ ಕೂರಿಸುವುದು. ತಾಯಿಮರದಿಂದ ಕತ್ತರಿಸದೆ ಕೊಂಬೆಯನ್ನು ಬಗ್ಗಿಸಿ ಕುಂಡದ ಗಿಡಕ್ಕೆ ಕಟ್ಟುವ ಹಳೆಯ ಮಾವಿನ ಕಸಿ ಇದೆಯಲ್ಲ, ಥೇಟ್ ಅದೇ. ಇನ್ನೂ ದೂರದಿಂದ ತರುವುದೂ ಉಂಟು. ಮಂಡಿಯ ಒಳಬದಿಯಿಂದ ನಾಳದ ಸಮೇತ ಮೂಳೆ ತೆಗೆದು, ಆ ನಾಳವನ್ನು ಮಣಿಕಟ್ಟಿನ ನಾಳಕ್ಕೆ ಮೈಕ್ರೊಸ್ಕೋಪಿನಡಿ ಕೂದಲಿಗಿಂತ ತೆಳುವಾದ ದಾರದಲ್ಲಿ ಹೊಲಿಯುತ್ತಾರೆ. 2002ರಲ್ಲಿ ಬಂದ ಒಂದು ವಿಶ್ಲೇಷಣೆ, ಮೊಣಕೈ ಕಡೆಯ ತುಂಡು ಸತ್ತಿದ್ದಾಗ ರಕ್ತನಾಳ ಸಹಿತ ಕಸಿಯಲ್ಲಿ ಶೇ 88, ತಿರುಪು ಮತ್ತು ಸಾಮಾನ್ಯ ಬೆಣೆಯಲ್ಲಿ ಶೇ 47 ಕೂಡಿಕೊಂಡವು ಎಂದಿತು. ನಂತರ ಬಂದ ಕೆಲವು ಅಧ್ಯಯನಗಳಲ್ಲಿ ಅಂತರ ಇಷ್ಟು ಕಾಣಲಿಲ್ಲ, ಚರ್ಚೆ ನಡೆದೇ ಇದೆ. ನನಗಂತೂ, ಬೆಣೆ ಎಲ್ಲಿಂದ ಬಂತು ಎನ್ನುವುದಕ್ಕಿಂತ ಅಂಚನ್ನು ಎಷ್ಟು ಸಹನೆಯಿಂದ ಕೆರೆದರು ಎಂಬುದು ಹೆಚ್ಚು ತೂಕದ್ದು ಎನಿಸಿದೆ.

ಪಂಚೆ ಬಿಗಿಯುವ ಜಾಗದಲ್ಲಿ ಕೈಗೆ ಸಿಗುವ ಸೊಂಟದ ಏಣಿನಿಂದ ಬೆಣೆ ತೆಗೆದರು. ಮುಂದಿನ ಮೊನೆಯಿಂದ ಎರಡು ಬೆರಳು ಹಿಂದಕ್ಕೆ, ತೊಡೆಯ ಚರ್ಮಕ್ಕೆ ಹೋಗುವ ನರ ತಪ್ಪಿಸಲು. ಒಂದು ಮುಖ ಗಟ್ಟಿ, ಹಿಂದೆಲ್ಲ ರವೆ ಇಡ್ಲಿಯಂತೆ ತೂತು ತೂತಾದ, ರಕ್ತ ತುಂಬಿದ ಮೂಳೆ. ಗಟ್ಟಿಯದು ಭಾರ ಹೊರುತ್ತದೆ, ತೂತಿನದು ಬೇಗ ನಾಳಗಳನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಎರಡೂ ಬೇಕು. ಒಣಗದ ಹಾಗೆ ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಮಣಿಕಟ್ಟಿನಲ್ಲಿ ವಾಲಿದ್ದ ಲೂನೇಟನ್ನು ಮೊದಲು ನೆಟ್ಟಗೆ ಮಾಡಿ ಒಂದು ತಂತಿ ಚುಚ್ಚಿ ನಿಲ್ಲಿಸಿದರು. ಆಮೇಲೆ ಕೈಯನ್ನು ಹಿಂದಕ್ಕೆ ಬಾಗಿಸಿದಾಗ ಸ್ಕಾಫಾಯ್ಡಿನ ಗೂನು ಬಿಚ್ಚಿ, ಅಂಗೈ ಕಡೆಗೆ ಬಾಯಿ ತೆರೆಯಿತು. ಅಳೆದರು, ಏಳಕ್ಕೆ ಸ್ವಲ್ಪ ಕಮ್ಮಿ. ಕಾಗದದ ಲೆಕ್ಕ ಸರಿಯಾಗಿಯೇ ಇತ್ತು.

ಬೆಣೆಯನ್ನು ಚಿವುಟಿ ಚಿವುಟಿ ಅಳತೆಗೆ ತಂದರು. ಇಟ್ಟು ನೋಡಿದರು, ತೆಗೆದರು, ಒಂದು ಮೂಲೆಯಲ್ಲಿ ಅಕ್ಕಿಕಾಳಿನಷ್ಟು ತೆಗೆದು ಮತ್ತೆ ಇಟ್ಟರು. ನಾಲ್ಕನೇ ಸಲ ಹೆಬ್ಬೆರಳಿನಲ್ಲಿ ಒತ್ತಿದಾಗ ‘ಟಕ್’ ಎಂದು ಕೂತಿತು. ಗಟ್ಟಿ ಮುಖ ಅಂಗೈ ಕಡೆಗೆ, ಭಾರ ಬೀಳುವ ಕಡೆಗೆ. ಸಂದುಗಳಿಗೆ ಸ್ಪಂಜಿನ ಮೂಳೆಯ ಪುಡಿ ತುಂಬಿದರು. ಆಮೇಲೆ ತಿರುಪು. ಇದೂ ಒಂದು ಸೊಗಸಾದ ವಸ್ತು. ಸಿಡ್ನಿಯ ತಿಮೊತಿ ಹರ್ಬರ್ಟ್ ರೂಪಿಸಿ, ಫಿಶರ್ ಜೊತೆಗೂಡಿ 1984ರಲ್ಲಿ ಲೋಕಕ್ಕೆ ತಿಳಿಸಿದ ಈ ತಿರುಪಿಗೆ ತಲೆಯೇ ಇಲ್ಲ. ತಲೆಯಿದ್ದರೆ ನುಣುಪಾದ ಕೀಲನ್ನು ಕೆರೆಯುತ್ತದೆ. ಎರಡು ತುದಿಗೂ ಸುರುಳಿ ಗೆರೆಗಳಿವೆ, ಮುಂದಿನದಕ್ಕೆ ಅಗಲ ಅಗಲ, ಹಿಂದಿನದಕ್ಕೆ ಒತ್ತೊತ್ತಾಗಿ. ಒಂದು ಸುತ್ತಿಗೆ ಮುಂದಿನ ತುದಿ ಹೆಚ್ಚು ದೂರ ಹೋಗುತ್ತದೆ, ಹಿಂದಿನದು ಕಮ್ಮಿ. ಹಾಗಾಗಿ ತಿರುಗಿಸಿದಷ್ಟೂ ಎರಡು ತುಂಡುಗಳು ಬೆಣೆಯನ್ನು ನಡುವೆ ಹಿಡಿದು ಹತ್ತಿರ ಸರಿಯುತ್ತವೆ. ಸಿ-ಆರ್ಮ್ ಎಂಬ ಎಕ್ಸ್‌ರೇ ಯಂತ್ರದ ಪರದೆಯ ಮೇಲೆ ಕೊನೆಯ ಎರಡು ಸುತ್ತಿನಲ್ಲಿ ತುಂಡುಗಳ ನಡುವಿನ ಕಪ್ಪು ಗೆರೆ ಸಣ್ಣಗಾಗುತ್ತ ಮಾಯವಾಗುವುದನ್ನು ಎಷ್ಟು ಸಲ ನೋಡಿದರೂ ನನಗೆ ಸಾಕೆನಿಸಿಲ್ಲ.

ಮರುದಿನ ನೋಡಲು ಹೋದಾಗ ಹುಡುಗ ಮಣಿಕಟ್ಟಿನ ಮಾತೇ ಎತ್ತಲಿಲ್ಲ, ‘ಸೊಂಟ ಹಿಡ್ಕೊಂಡಿದೆ ಸಾರ್’ ಎಂದ. ಹೆಚ್ಚಿನವರ ದೂರು ಅದೇ. ಶಸ್ತ್ರವೈದ್ಯರು ಅವನಿಗೆ ಎರಡೇ ಮಾತು ಹೇಳಿದರು: ಪ್ಲಾಸ್ಟರ್ ಬಿಚ್ಚಬಾರದು, ಬೀಡಿ ಮುಟ್ಟಬಾರದು. ನಿಕೋಟಿನ್ ಸಣ್ಣ ನಾಳಗಳನ್ನು ಬಿಗಿಸುತ್ತದೆ. ಅಷ್ಟು ಕಷ್ಟಪಟ್ಟು ತೆರೆದ ನಾಲೆಯ ತೂಬನ್ನು ದಿನಕ್ಕೆ ಹತ್ತು ಸಲ ಮುಚ್ಚಿದ ಹಾಗೆ. ಅವನ ತಾಯಿ ಬೀಡಿ ಕಟ್ಟನ್ನು ಅಲ್ಲೇ ಅವನ ಜೇಬಿನಿಂದ ತೆಗೆದು ತನ್ನ ಚೀಲಕ್ಕೆ ಹಾಕಿಕೊಂಡರು.

ಮೂರು ತಿಂಗಳಿಗೆ ಸಿಟಿ ಸ್ಕ್ಯಾನ್ ಆಯಿತು. ಸಾದಾ ಎಕ್ಸ್‌ರೇ ಈ ಮೂಳೆಯ ವಿಷಯದಲ್ಲಿ ಮೋಸ ಮಾಡುತ್ತದೆ, ಕೂಡದಿದ್ದರೂ ಕೂಡಿದಂತೆ ತೋರಿಸುತ್ತದೆ. ಸಿಟಿಯಲ್ಲಿ ಒಂದು ಮಿಲಿಮೀಟರಿಗೂ ತೆಳುವಾಗಿ ಹೋಳು ಮಾಡಿ ನೋಡಬಹುದು. ಶಸ್ತ್ರವೈದ್ಯರು ನನ್ನನ್ನೂ ಕರೆದು ತೋರಿಸಿದರು. ಬೆರಳಿನ ಕಡೆ ಬೆಣೆಗೂ ಮೂಳೆಗೂ ನಡುವಿನ ಗೆರೆ ಹುಡುಕಿದರೂ ಸಿಗಲಿಲ್ಲ, ಜೇಡನ ಬಲೆಯ ಎಳೆಗಳ ಹಾಗೆ ಬಿಳಿ ನೂಲುಗಳು ಆಚೆಯಿಂದ ಈಚೆಗೆ ದಾಟಿದ್ದವು. ಮೊಣಕೈ ಕಡೆ ಅರ್ಧದಷ್ಟು ದಾಟಿದ್ದವು, ಅರ್ಧ ಇನ್ನೂ ಮಸುಕು. ಕೊನೆ ಭಾಗ, ತಡವಾಗಿಯೇ ನೀರು ತಲುಪುತ್ತದೆ.

‘ಕೈ ಊರಿ ಏಳಬಹುದಾ?’ ಹುಡುಗ ಕೇಳಿದ.

‘ಇನ್ನೂ ಆರು ವಾರ ಬೇಡ. ಅಲ್ಲೀತನಕ ಎಡಗೈ ಊರು’ ಎಂದು ಅವರು ಪರದೆಯ ಕಡೆ ತಿರುಗಿ, ಆ ಮಸುಕಾದ ಅರ್ಧವನ್ನು ದೊಡ್ಡದು ಮಾಡಿ ಒಂದೊಂದೇ ಹೋಳು ಸರಿಸುತ್ತ ಮತ್ತೆ ನೋಡತೊಡಗಿದರು.